ಒಂದೇ ದಾರಿ ಎಂಬ ದೊಡ್ಡ ಸುಳ್ಳು

ಸಂಗೀತಗಾರನನ್ನು ತೂಗಲು ನಮ್ಮಲ್ಲಿ ಬಹಳ ಕಾಲದಿಂದ ಒಂದೇ ತಕ್ಕಡಿ ಇದೆ. ಯಾರ ಶಿಷ್ಯ, ಯಾವ ಬಾನಿ, ಎಷ್ಟು ವರ್ಷ ಗುರುಗಳ ಬಳಿ ಪಾಠ ಎಂದು ಕೇಳುತ್ತೇವೆ. ಒಬ್ಬ ಗುರು, ಒಂದು ಪದ್ಧತಿ, ಒಂದು ವೇದಿಕೆ ಎಂದು ಬಾಳಿದವರಿಗೆ ಗಟ್ಟಿ ವಿದ್ವಾಂಸರೆಂಬ ಮನ್ನಣೆ ಸಿಗುತ್ತದೆ. ಸಿನಿಮಾ, ಚರ್ಚು, ರಂಗಭೂಮಿ, ಶಾಲೆ, ಕಾರ್ಮಿಕ ಸಂಘ ಎಂದು ಹಲವು ಕಡೆ ದುಡಿದವರ ವಿಷಯ ಬಂದಾಗ ಮಾತಿನ ಧಾಟಿಯೇ ಬದಲಾಗುತ್ತದೆ. 'ಪ್ರತಿಭೆ ಇತ್ತು, ಎಲ್ಲೂ ನೆಲೆ ನಿಲ್ಲಲಿಲ್ಲ' ಎನ್ನುತ್ತೇವೆ. ಸನ್ಮಾನದ ವೇದಿಕೆಯಲ್ಲಿ ಅವರನ್ನು 'ಬಹುಮುಖ ಪ್ರತಿಭೆ' ಎಂದು ಕರೆದು, ವಿದ್ವಾಂಸರ ಸಾಲಿನಿಂದ ಹೊರಗೆ ಕೂರಿಸುತ್ತೇವೆ.

ಈ ನಂಬಿಕೆ ತಪ್ಪು. ನಮ್ಮ ಸಂಗೀತದ ಚರಿತ್ರೆಯೇ ಇದನ್ನು ಒಪ್ಪುವುದಿಲ್ಲ. ಹತ್ತು ವಾದ್ಯ ಅಥವಾ ನೂರು ಕೊರಳುಗಳನ್ನು ಒಂದೇ ಉಸಿರಿಗೆ ತರುವ ವೃಂದ ನಿರ್ದೇಶಕನ ವಿಷಯದಲ್ಲಂತೂ ಇದು ಅನ್ಯಾಯವೇ ಆಗುತ್ತದೆ. ಆ ಕೆಲಸಕ್ಕೆ ಬೇಕಾದ ವಿದ್ಯೆ ಹಲವು ದಾರಿ ನಡೆಯದೆ ಕೈಗೆ ಬರುವಂಥದ್ದಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ನೆರೆಯ ಕೇರಳದತ್ತ ನೋಡಬೇಕು. ಕೊಚ್ಚಿಯ ಜೆರ್ರಿ ಅಮಲ್‌ದೇವ್ ಮತ್ತು ತಿರುವನಂತಪುರದಲ್ಲಿ ಇಂದಿಗೂ ಹಾಡುಗಳಲ್ಲಿ ಉಳಿದಿರುವ ಎಂ.ಬಿ. ಶ್ರೀನಿವಾಸನ್, ಈ ಇಬ್ಬರ ಬದುಕನ್ನು ಮುಂದಿಟ್ಟುಕೊಂಡೇ ನಾನು ವಾದ ಹೂಡುತ್ತೇನೆ.

1939ರಲ್ಲಿ ಕೊಚ್ಚಿಯಲ್ಲಿ ಹುಟ್ಟಿದ ಜೆರ್ರಿ ಅಮಲ್‌ದೇವ್ ಪಾದ್ರಿಯಾಗಲೆಂದು ಸೆಮಿನರಿ ಸೇರಿದವರು. ದೀಕ್ಷೆಗೆ ಮುನ್ನವೇ ಅಲ್ಲಿಂದ ಹೊರಬಂದು ಮುಂಬಯಿಗೆ ಹೋಗಿ, ಹಿಂದಿ ಚಿತ್ರಸಂಗೀತದ ದೊಡ್ಡ ಯಜಮಾನ ನೌಷಾದ್ ಅವರ ಸಹಾಯಕರಾದರು. ಆಮೇಲೆ ಅಮೆರಿಕ. ನ್ಯೂ ಆರ್ಲಿಯನ್ಸ್‌ನ ಜೇವಿಯರ್ ವಿಶ್ವವಿದ್ಯಾಲಯದಲ್ಲೂ ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲೂ ಸಂಗೀತ ಓದಿದರು. ನ್ಯೂಯಾರ್ಕಿನ ಕ್ವೀನ್ಸ್ ಕಾಲೇಜಿನಲ್ಲಿ ಪಾಠ ಹೇಳಿದರು. ಅಲ್ಲೇ ಉಳಿದಿದ್ದರೆ ಪ್ರಾಧ್ಯಾಪಕರಾಗಿ ನೆಮ್ಮದಿಯಿಂದ ಇರಬಹುದಿತ್ತು. ಅವರು ಊರಿಗೆ ಮರಳಿದರು. 1980ರಲ್ಲಿ ಫಾಸಿಲ್ ನಿರ್ದೇಶನದ 'ಮಂಜಿಲ್ ವಿರಿಂಜ ಪೂಕ್ಕಳ್' ಚಿತ್ರಕ್ಕೆ ಸಂಗೀತ ಕೊಟ್ಟರು. ಮೋಹನ್‌ಲಾಲ್ ಎಂಬ ಹೊಸ ನಟ ಖಳನಾಗಿ ತೆರೆಗೆ ಬಂದದ್ದೂ ಆ ಚಿತ್ರದಲ್ಲೇ. ಜೆರ್ರಿ ಅವರಿಗೆ ಆ ಚೊಚ್ಚಲ ಚಿತ್ರಕ್ಕೇ ಕೇರಳ ರಾಜ್ಯ ಪ್ರಶಸ್ತಿ ಬಂತು. ಮುಂದೆ 1984ರ 'ನೋಕ್ಕೆತ್ತಾ ದೂರತ್ತು ಕಣ್ಣುಂ ನಟ್ಟು' ಸೇರಿದಂತೆ ಹಲವು ಚಿತ್ರಗಳು ಬಂದವು. ನಡುವೆ ಸಿನಿಮಾ ಅವರನ್ನು ಬಹುಕಾಲ ಮರೆಯಿತು. ಅವರು ಚರ್ಚಿಗೆ ಹಾಡು ಕಟ್ಟಿದರು, ಸಂಗೀತ ಕಲಿಸಿದರು, ಕೊಚ್ಚಿಯಲ್ಲಿ 'ಸಿಂಗ್ ಇಂಡಿಯಾ' ಎಂಬ ಗಾಯನ ವೃಂದ ಕಟ್ಟಿ ಮುಂದೆ ನಿಂತು ನಡೆಸಿದರು. 2016ರಲ್ಲಿ 'ಆಕ್ಷನ್ ಹೀರೋ ಬಿಜು' ಚಿತ್ರಕ್ಕೆ ಮತ್ತೆ ಕರೆ ಬಂತು. ಆಗ ಅವರಿಗೆ ಎಪ್ಪತ್ತಾರು ದಾಟಿತ್ತು. ಯೇಸುದಾಸ್ ಮತ್ತು ವಾಣಿ ಜಯರಾಂ ಹಾಡಿದ ಅವರ ಹೊಸ ಹಾಡನ್ನು ಅವರ ಹಳೆಯ ಚಿತ್ರಗಳು ಬಂದಾಗ ಇನ್ನೂ ಹುಟ್ಟಿರದ ಮಕ್ಕಳು ಗುನುಗಿದರು.

ಒಂದೇ ದಾರಿಯ ತಕ್ಕಡಿಯಲ್ಲಿ ಈ ಬದುಕು ಹಗುರವಾಗಿ ಕಾಣುತ್ತದೆ. ಪಾದ್ರಿಯಾಗಲಿಲ್ಲ, ಅಮೆರಿಕದಲ್ಲಿ ನಿಲ್ಲಲಿಲ್ಲ, ಸಿನಿಮಾದಲ್ಲೂ ಸತತವಾಗಿ ಇರಲಿಲ್ಲ. ಆದರೆ ಅವರ ಹಾಡುಗಳನ್ನು ಕಿವಿಗೊಟ್ಟು ಕೇಳಿದವರಿಗೆ ಬೇರೆಯೇ ತಿಳಿಯುತ್ತದೆ. ಪಲ್ಲವಿಯ ಸರಳತೆ ಬಂದದ್ದು ಚರ್ಚಿನಿಂದ. ಅಲ್ಲಿ ಹಾಡು ಸಾಮಾನ್ಯ ಜನರ ನಾಲಿಗೆಗೆ ಎಟುಕಲೇಬೇಕು. ರಾಗದ ಇಂಪು, ಮಾತಿನ ತೂಕ ಅರಿತು ಸ್ವರ ಹಾಕುವ ಜಾಣ್ಮೆ ನೌಷಾದರ ಬಳಿ ಪಳಗಿದ್ದು. ಪಿಟೀಲುಗಳ ಗುಂಪು ಗಾಯಕನ ಕೊರಳನ್ನು ಮುಚ್ಚದೆ ಅದರ ಕೆಳಗೆ ಹರಿಯುವಂತೆ ಬರೆಯುವ ಹಿಡಿತ ವಿಶ್ವವಿದ್ಯಾಲಯದ ಪಾಠದ ಫಲ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಆ ಹಾಡು ಆ ಹಾಡಾಗುತ್ತಿರಲಿಲ್ಲ. ಯಾವ ಅಲೆದಾಟವನ್ನು ನಾವು ಕೊರತೆ ಎಂದು ಎಣಿಸುತ್ತೇವೋ ಅದೇ ಅವರ ವಿದ್ಯೆಯ ಬಂಡವಾಳ.

ಎಂ.ಬಿ. ಶ್ರೀನಿವಾಸನ್ ಅವರ ಬದುಕು ಇನ್ನೂ ವಿಸ್ತಾರವಾದದ್ದು. 1925ರಲ್ಲಿ ಹುಟ್ಟಿದ ಅವರು ಎಡಪಂಥೀಯ ಚಳವಳಿಗೆ ಬಂದು, ದೆಹಲಿಯಲ್ಲಿ ಎ.ಕೆ. ಗೋಪಾಲನ್ ಅವರ ಕಾರ್ಯದರ್ಶಿಯಾಗಿ ದುಡಿದರು. ಮದರಾಸಿಗೆ ಮರಳಿ 1960ರ 'ಪಾದೈ ತೆರಿಯುದು ಪಾರ್' ಎಂಬ ತಮಿಳು ಚಿತ್ರಕ್ಕೆ ಸಂಗೀತ ಕೊಟ್ಟರು. 1961ರ ನವೆಂಬರ್‌ನಲ್ಲಿ 'ಕಾಲ್ಪಾಡುಗಳ್' ಎಂಬ ಮಲಯಾಳಂ ಚಿತ್ರಕ್ಕಾಗಿ ಫೋರ್ಟ್ ಕೊಚ್ಚಿಯ ಒಬ್ಬ ಬಡ ತರುಣನಿಂದ ನಾರಾಯಣ ಗುರುಗಳ ಸಾಲುಗಳನ್ನು ಹಾಡಿಸಿದರು. ಆ ತರುಣ ಕೆ.ಜೆ. ಯೇಸುದಾಸ್, ಅದು ಅವರ ಮೊದಲ ಧ್ವನಿಮುದ್ರಣ. ಸ್ಟುಡಿಯೋಗಳಲ್ಲಿ ದಿನಗೂಲಿಯವರಂತೆ ದುಡಿಯುತ್ತಿದ್ದ ವಾದ್ಯಗಾರರನ್ನು ಒಗ್ಗೂಡಿಸಿ ಮದರಾಸಿನಲ್ಲಿ ಚಿತ್ರೋದ್ಯಮದ ಸಂಗೀತಗಾರರ ಸಂಘ ಕಟ್ಟಿದವರಲ್ಲಿ ಅವರು ಮುಂಚೂಣಿಯವರು. 1970ರ ದಶಕದ ಹೊತ್ತಿಗೆ ಮದರಾಸು ಯೂತ್ ಕಾಯರ್ ಕಟ್ಟಿ, ಭಾರತದ ಹಲವು ಭಾಷೆಗಳ ಹಾಡುಗಳನ್ನು ಹಲವು ಕೊರಳಿನ ವೃಂದಗಾನವಾಗಿಸಿದರು. ಕೇರಳದ ಹುಡುಗ ಹುಡುಗಿಯರಿಗೆ ಅದನ್ನು ಕಲಿಸಿದರು. 1988ರಲ್ಲಿ ಲಕ್ಷದ್ವೀಪದಲ್ಲಿ ತೀರಿಕೊಂಡರು. ತಿರುವನಂತಪುರದಲ್ಲಿ ಅವರ ಹೆಸರು ಹೊತ್ತ ಗಾಯನ ವೃಂದವಿದೆ.

ಇದೇ ಮನುಷ್ಯ ಅಡೂರು ಗೋಪಾಲಕೃಷ್ಣನ್ ಅವರ 'ಸ್ವಯಂವರಂ', 'ಎಲಿಪ್ಪತ್ತಾಯಂ' ಚಿತ್ರಗಳಿಗೂ ಸಂಗೀತ ಕೊಟ್ಟವರು. ಮೆರವಣಿಗೆಯ ಹಾಡು ಬಲ್ಲವನು, ಚಿತ್ರಗೀತೆ ಬಲ್ಲವನು, ನೂರು ಮಕ್ಕಳಿಂದ ಹಾಡಿಸಬಲ್ಲವನು ಒಂದು ಹಳೆಯ ಮನೆಯ ಮೌನವನ್ನು ಕೆಡಿಸದೆ ನಾಲ್ಕೇ ಸ್ವರದಲ್ಲಿ ಮಾತಾಡಿಸಬಲ್ಲ ಎಂಬುದಕ್ಕೆ 'ಎಲಿಪ್ಪತ್ತಾಯಂ' ಸಾಕ್ಷಿ. ಅವರ ಕಾಲಾನಂತರ ಅಡೂರರು ತಮ್ಮ 'ಮತಿಲುಕಳ್' ಮತ್ತು 'ವಿಧೇಯನ್' ಚಿತ್ರಗಳಿಗೆ ಯಾರನ್ನು ಹುಡುಕಿಕೊಂಡರು ಎಂಬುದನ್ನು ಕನ್ನಡಿಗರು ನೆನಪಿಡಬೇಕು. 'ನಾಗರಹಾವು', 'ಗೆಜ್ಜೆಪೂಜೆ', 'ಶರಪಂಜರ' ಚಿತ್ರಗಳ ನಮ್ಮ ವಿಜಯಭಾಸ್ಕರ್ ಅವರನ್ನು. ಬೆಂಗಳೂರಿನಲ್ಲಿ ನಾವು ಅವರನ್ನು 'ಸಿನಿಮಾದವರು' ಎಂಬ ಒಂದು ಮಾತಿನಲ್ಲಿ ಮುಗಿಸಿದ್ದೆವು. ಜಗತ್ತಿನ ಚಿತ್ರೋತ್ಸವಗಳಿಗೆ ಹೋಗುವ ಚಿತ್ರಗಳಿಗೆ ಆ ಕಿವಿಯೇ ಬೇಕೆಂದು ಕಂಡುಕೊಂಡವರು ತಿರುವನಂತಪುರದ ನಿರ್ದೇಶಕರು.

ಎದುರು ವಾದಕ್ಕೆ ಬಲವಿಲ್ಲ ಎಂದು ನಾನು ಹೇಳುವುದಿಲ್ಲ. ಅದರ ಗಟ್ಟಿ ರೂಪ ಹೀಗಿದೆ: ಒಂದು ರಾಗದ ಒಳಹೊಗಲು ಒಂದು ಜನ್ಮ ಸಾಲದು. ತೋಡಿಯನ್ನೋ ಮಾರ್ವಾವನ್ನೋ ಇಡೀ ಬದುಕು ಹಾಡಿಯೂ ಇನ್ನೂ ಸಿಕ್ಕಿಲ್ಲ ಎಂದ ದೊಡ್ಡವರಿದ್ದಾರೆ. ಹಾಗಿರುವಾಗ ಹತ್ತು ಕಡೆ ಕೈಯಿಟ್ಟವನಿಗೆ ಯಾವುದರ ಆಳ ಸಿಕ್ಕೀತು? ಮಾತು ಸತ್ಯ. ಏಕಾಂಗಿಯಾಗಿ ಮನೋಧರ್ಮ ಹರಿಸುವ ಗಾಯಕನಿಗೆ ಆ ಏಕನಿಷ್ಠೆ ಬೇಕು, ಅದಕ್ಕೆ ನಾನೂ ತಲೆಬಾಗುತ್ತೇನೆ. ತಪ್ಪಾಗುವುದು ಅದನ್ನು ಎಲ್ಲ ಸಂಗೀತಗಾರರ ಅಳತೆಗೋಲು ಮಾಡಿದಾಗ. ರಾಗದ ಆಳ ಒಂದು ಬಗೆಯದು. ಇಪ್ಪತ್ತು ಮಂದಿ ಬೇರೆ ಬೇರೆ ಪಾಠಾಂತರದಿಂದ, ಬೇರೆ ಬೇರೆ ಊರಿನಿಂದ ಬಂದು ಕೂತಾಗ ಯಾರ ಕೈ ಮುಂದೋಡುತ್ತದೆ, ಯಾರ ಶ್ರುತಿ ಕುಸಿಯುತ್ತದೆ, ಯಾವ ವಾದ್ಯ ಯಾವ ಸ್ಥಾಯಿಯಲ್ಲಿ ಸೊರಗುತ್ತದೆ ಎಂದು ಒಂದೇ ಕ್ಷಣಕ್ಕೆ ತಿಳಿಯುವುದು ಇನ್ನೊಂದು ಬಗೆಯ ಆಳ. ಈ ಎರಡನೆಯದು ಒಂದೇ ಕೋಣೆಯಲ್ಲಿ ಕೂತು ಬರುವುದಿಲ್ಲ. ನಾಟಕದ ಪಿಟ್ಟು, ಸ್ಟುಡಿಯೋದ ಗಡಿಯಾರ, ಶಾಲೆಯ ಮಕ್ಕಳ ಗದ್ದಲ, ಚರ್ಚಿನ ಭಾನುವಾರಗಳು ಅದರ ಪಾಠಶಾಲೆಗಳು.

ಶಾಸ್ತ್ರೀಯ ಪರಂಪರೆಯೊಳಗಿನ ದೊಡ್ಡವರು ಒಂದೇ ದಾರಿ ಹಿಡಿದಿದ್ದರೇ? ಹರಿಕೇಶನಲ್ಲೂರು ಮುತ್ತಯ್ಯ ಭಾಗವತರನ್ನು ನೋಡಿ. ಅವರು ಹರಿಕಥೆ ಮಾಡಿದರು, ಹಾಡಿದರು, ವಾದ್ಯ ನುಡಿಸಿದರು, ಕೃತಿ ರಚಿಸಿದರು. ಮೈಸೂರು ಆಸ್ಥಾನದ ವಿದ್ವಾಂಸರಾಗಿ ನಾಲ್ವಡಿಯವರ ಅಪೇಕ್ಷೆಯಂತೆ ಚಾಮುಂಡಾಂಬೆಯ ಮೇಲೆ ಕನ್ನಡದಲ್ಲಿ 108 ಕೃತಿಗಳನ್ನು ಕಟ್ಟಿದರು. ಅಲ್ಲಿಂದ ತಿರುವಾಂಕೂರಿಗೆ ಹೋಗಿ, 1939ರಲ್ಲಿ ತಿರುವನಂತಪುರದಲ್ಲಿ ಶುರುವಾದ, ಇಂದು ಸ್ವಾತಿ ತಿರುನಾಳ್ ಹೆಸರಿನ ಸಂಗೀತ ಕಾಲೇಜಿನ ಮೊದಲ ಪ್ರಾಂಶುಪಾಲರಾದರು. ಶಾಸ್ತ್ರಗ್ರಂಥ ಬರೆದು ಡಾಕ್ಟರೇಟ್ ಪಡೆದರು. ಅವರ ಶಿಷ್ಯ ಮದುರೆ ಮಣಿ ಅಯ್ಯರ್ ಕಛೇರಿಗಳಲ್ಲಿ ಜನ ಚೀಟಿ ಕಳಿಸಿ ಕೇಳುತ್ತಿದ್ದ 'ಇಂಗ್ಲಿಷ್ ನೋಟು' ಕೂಡ ಮುತ್ತಯ್ಯ ಭಾಗವತರದ್ದೇ. ಹರಿಕಥೆಯಿಂದ ಇಂಗ್ಲಿಷ್ ನೋಟಿನವರೆಗೆ ಹರಡಿದ ಈ ಬದುಕನ್ನು ನಾವು ಚದುರಿದ ಬದುಕು ಎನ್ನುವುದಿಲ್ಲ, ಮಹಾವಿದ್ವಾಂಸರ ಬದುಕು ಎನ್ನುತ್ತೇವೆ. ತೀರಿಕೊಂಡವರಿಗೆ ಕೊಡುವ ಈ ರಿಯಾಯಿತಿಯನ್ನು ನಮ್ಮ ನಡುವೆ ಬದುಕಿರುವವರಿಗೆ ಏಕೆ ಕೊಡಬಾರದು?

ಎರಡನೆಯ ಆಕ್ಷೇಪ ಇನ್ನೂ ಜೋರಾಗಿ ಕೇಳಿಬರುತ್ತದೆ. ನಮ್ಮದು ಒಬ್ಬನ ಸಂಗೀತ, ಎದುರು ನಿಂತು ಕೈಯಾಡಿಸುವ ನಾಯಕ ಪರದೇಶದ ಪದ್ಧತಿ, ಅದನ್ನು ಇಲ್ಲಿಗೆ ತಂದವರು ಬೇರು ಕಳಚಿಕೊಂಡವರು ಎಂಬ ವಾದ ಅದು. ಇದು ಕಛೇರಿಯೊಂದನ್ನೇ ಸಂಗೀತವೆಂದು ತಿಳಿದವರ ಮಾತು. ತೃಶ್ಶೂರು ಪೂರಂನ ಇಲಂಜಿತ್ತರ ಮೇಳದಲ್ಲಿ ಚೆಂಡೆ, ಕುಳಲ್, ಕೊಂಬು, ಇಲತ್ತಾಳ ಹಿಡಿದ ಇನ್ನೂರಕ್ಕೂ ಹೆಚ್ಚು ಮಂದಿ ನಿಲ್ಲುತ್ತಾರೆ. ಅವರೆದುರು ಮುದ್ರಿತ ಸ್ವರಲಿಪಿ ಇಲ್ಲ. ನಡುವೆ ನಿಂತ ಪ್ರಮಾಣಿಯ ಕೈ ಮತ್ತು ಕಣ್ಣಿನ ಸೂಚನೆಗೆ ಇಡೀ ಮೇಳ ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಏರುತ್ತದೆ. ಪ್ರಮಾಣಿ ತಪ್ಪಿದರೆ ಮೇಳ ಬೀಳುತ್ತದೆ. ಅವನನ್ನು ವೃಂದ ನಿರ್ದೇಶಕ ಎನ್ನದೆ ಇನ್ನೇನೆಂದು ಕರೆಯೋಣ?

ಕಥಕಳಿಗೆ ಬನ್ನಿ. ಮುಖ್ಯ ಹಾಡುಗಾರ ಪೊನ್ನಾನಿ. ಕೈಯಲ್ಲಿ ಚೇಂಗಿಲ ಹಿಡಿದು ತಾಳ ಕಾಯುತ್ತಾ, ನಟನ ಅಭಿನಯಕ್ಕೆ ತಕ್ಕಂತೆ ಸಾಲನ್ನು ಹಿಗ್ಗಿಸುತ್ತಾ ಕುಗ್ಗಿಸುತ್ತಾ, ಚೆಂಡೆ ಮದ್ದಳೆಗಳನ್ನು ಜೊತೆಗೆ ಒಯ್ಯುತ್ತಾನೆ. ಕೊಚ್ಚಿಯ ಏಲೂರಿನಲ್ಲಿ ಪೆರಿಯಾರ್ ದಂಡೆಯ ಉದ್ಯೋಗಮಂಡಲದ ರಸಗೊಬ್ಬರ ಕಾರ್ಖಾನೆ ಫ್ಯಾಕ್ಟ್, ಎಂ.ಕೆ.ಕೆ. ನಾಯರ್ ಅವರ ಕಾಲದಲ್ಲಿ ಕಥಕಳಿಗೆ ಆಶ್ರಯ ಕೊಟ್ಟಿತು. ಫ್ಯಾಕ್ಟ್ ಪದ್ಮನಾಭನ್, ಫ್ಯಾಕ್ಟ್ ಮೋಹನನ್ ಎಂದು ಕಲಾವಿದರ ಹೆಸರಿನ ಮುಂದೆ ಕಾರ್ಖಾನೆಯ ಹೆಸರು ಸೇರಿಕೊಂಡಿತು. ಅಮೋನಿಯ ತಯಾರಾಗುವ ಊರಿನಲ್ಲಿ ಕಥಕಳಿ ಬೆಳೆಯಬಹುದಾದರೆ, ಕಲೆಗೆ ಒಂದೇ ಜಾಗ, ಒಂದೇ ಬಗೆಯ ಆಶ್ರಯ ಎಂಬ ಮಾತಿಗೆ ಏನು ಅರ್ಥ?

ನಮ್ಮ ಯಕ್ಷಗಾನದ ಭಾಗವತನನ್ನು ಮರೆತು ಈ ಚರ್ಚೆ ನಡೆಸುವುದು ಸಾಧ್ಯವೇ ಇಲ್ಲ. ಇಂದು ಕೇರಳಕ್ಕೆ ಸೇರಿದ ಕಾಸರಗೋಡಿನ ಕುಂಬಳೆ ಪಾರ್ತಿಸುಬ್ಬನ ನೆಲ. ಅಲ್ಲಿಂದ ಉತ್ತರ ಕನ್ನಡದವರೆಗೆ ಭಾಗವತನೇ ಮೊದಲನೇ ವೇಷ ಎನ್ನುತ್ತಾರೆ. ತೆಂಕಿನಲ್ಲಿ ಜಾಗಟೆ, ಬಡಗಿನಲ್ಲಿ ತಾಳ ಹಿಡಿದು ರಾತ್ರಿಯಿಡೀ ಪ್ರಸಂಗ ನಡೆಸುವವನು ಅವನು. ಚೆಂಡೆ ಯಾವಾಗ ಏರಬೇಕು, ಪದ್ಯ ಎಲ್ಲಿ ನಿಲ್ಲಬೇಕು, ಅರ್ಥಗಾರಿಕೆ ಉದ್ದವಾದರೆ ಹೇಗೆ ಕತ್ತರಿಸಬೇಕು ಎಂಬುದೆಲ್ಲ ಅವನ ಕೈಯಲ್ಲಿ. ಪ್ರಮಾಣಿ, ಪೊನ್ನಾನಿ, ಭಾಗವತ ಈ ಮೂವರೂ ನಮ್ಮವರೇ ಆಗಿರುವಾಗ, ಹಲವರನ್ನು ಒಂದಾಗಿ ನಡೆಸುವ ನಾಯಕನನ್ನು ಪರದೇಶದವನೆನ್ನುವುದು ನಮ್ಮ ಮನೆಯನ್ನೇ ನಾವು ಸರಿಯಾಗಿ ನೋಡಿಲ್ಲ ಎಂದು ಒಪ್ಪಿಕೊಂಡಂತೆ.

ಮೂರನೆಯದು ಹಾರ್ಮನಿಯ ಪ್ರಶ್ನೆ. ಒಂದೇ ಹೊತ್ತಿಗೆ ಬೇರೆ ಬೇರೆ ಸ್ವರ ನುಡಿಸಿದರೆ ರಾಗ ಸಾಯುತ್ತದೆ ಎನ್ನುತ್ತಾರೆ. ಗಮಕವೇ ಜೀವವಾದ ತೋಡಿಯ ಕೆಳಗೆ ಕೀಬೋರ್ಡಿನ ಮೂರು ಸ್ವರದ ಗುಂಪನ್ನು ಒತ್ತಿಟ್ಟರೆ ಸಾಯುತ್ತದೆ, ಖಂಡಿತ. ಅಂಥ ಕೆಟ್ಟ ಕೆಲಸ ನಮ್ಮ ಸುತ್ತ ಬೇಕಾದಷ್ಟು ನಡೆದಿದೆ. ಆದರೆ ಎಲ್ಲಿ ಜೊತೆಸ್ವರ ಹೊಂದುತ್ತದೆ, ಎಲ್ಲಿ ಕೈಯಿಡಲೇಬಾರದು ಎಂದು ಹೇಳಬಲ್ಲವರು ಯಾರು? ಎರಡೂ ಪದ್ಧತಿಗಳನ್ನು ಬಲ್ಲವರು ಮಾತ್ರ. ಗಡಿಯ ಎರಡೂ ಬದಿ ನಡೆದವನಿಗೇ ಗಡಿ ಎಲ್ಲಿದೆಯೆಂದು ಗೊತ್ತಿರುತ್ತದೆ. ಅವನನ್ನು ದೂರವಿಟ್ಟಷ್ಟೂ ಅರೆಬರೆ ತಿಳಿದವರ ಕೈಗೆ ಕೆಲಸ ಹೋಗುತ್ತದೆ, ರಾಗ ನಿಜವಾಗಿ ಸಾಯುತ್ತದೆ. ಮುತ್ತುಸ್ವಾಮಿ ದೀಕ್ಷಿತರು ಐರೋಪ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ಸುಮಾರು 40 ನೊಟ್ಟುಸ್ವರಗಳನ್ನು ಕಟ್ಟಿದರು. ಅದರಿಂದ ಅವರ ಕೃತಿಗಳ ಗಾಂಭೀರ್ಯಕ್ಕೆ ಕುಂದೇನೂ ಬರಲಿಲ್ಲ.

ಮೈಸೂರಿನ ಜಯಚಾಮರಾಜ ಒಡೆಯರು ಈ ವಾದಕ್ಕೆ ಕೊಟ್ಟ ಉತ್ತರ ಎಲ್ಲಕ್ಕಿಂತ ದೊಡ್ಡದು. ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರೂ ಇದ್ದರು, ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪಡೆದ ಒಡೆಯರು ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಷ್ಯದ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಫರ್ಟ್‌ವ್ಯಾಂಗ್ಲರ್ ನಿರ್ದೇಶನದಲ್ಲಿ ಮೊದಲ ಬಾರಿ ಮೊಳಗಿದಾಗ ಅದರ ಖರ್ಚಿಗೆ ಬೆಂಬಲವಾಗಿ ನಿಂತದ್ದು ಮೈಸೂರು. ಅದೇ ಒಡೆಯರು ಶ್ರೀವಿದ್ಯಾ ಉಪಾಸಕರಾಗಿ 94 ಕೃತಿಗಳನ್ನು ರಚಿಸಿದರು. ಒಂದು ಪ್ರೀತಿ ಇನ್ನೊಂದನ್ನು ಕೊಲ್ಲಲಿಲ್ಲ.

ಈ ನಂಬಿಕೆ ಬರಿಯ ಅಭಿಪ್ರಾಯವಾಗಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ಅದಕ್ಕೆ ಅಧಿಕಾರ ಸಿಕ್ಕಾಗ ಹಾನಿಯಾಗುತ್ತದೆ. ಶುದ್ಧಿಯ ಹೆಸರಿನಲ್ಲಿ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಮೂರು ದಶಕಗಳ ಕಾಲ ಸಾವಿರಾರು ಊರುಗಳ ಭಜನೆ, ನಾಟಕ, ಕೀರ್ತನೆಗಳ ಆ ಸಂಗಾತಿಗೆ ರೇಡಿಯೋದಲ್ಲಿ ಜಾಗವಿರಲಿಲ್ಲ. ಅದೇ ಆಕಾಶವಾಣಿ 1952ರಲ್ಲಿ ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ಅವರ ನೇತೃತ್ವದಲ್ಲಿ ವಾದ್ಯವೃಂದ ಕಟ್ಟಿತು. ಎಷ್ಟು ದೊಡ್ಡ ಹೆಸರುಗಳು! ಆದರೂ 'ವಾದ್ಯವೃಂದ' ನಮ್ಮ ಕೇಳುಗರ ಮನಸ್ಸಿನಲ್ಲಿ ಎರಡು ಕಾರ್ಯಕ್ರಮಗಳ ನಡುವಿನ ಬಿಡುವು ತುಂಬುವ ಸಂಗೀತವಾಗಿಯೇ ಉಳಿಯಿತು. ಅದಕ್ಕಾಗಿ ಬರೆಯುವವರನ್ನು, ನಿಂತು ನಡೆಸುವವರನ್ನು ವಿದ್ವಾಂಸರೆಂದು ನೋಡುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಲಿಲ್ಲ.

ನಮ್ಮ ನಾಡಗೀತೆಯ ವಿವಾದವನ್ನೇ ನೋಡಿ. ಧಾಟಿ ಮೈಸೂರು ಅನಂತಸ್ವಾಮಿಯವರದ್ದೋ ಸಿ. ಅಶ್ವತ್ಥರದ್ದೋ ಎಂದು ವರ್ಷಗಟ್ಟಲೆ ಜಗ್ಗಾಡಿದೆವು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದೊಳಗೆ ಹಾಡಬೇಕೆಂದು ಆದೇಶ ಹೊರಡಿಸಿತು, ವಿಷಯ ಹೈಕೋರ್ಟಿನವರೆಗೂ ಹೋಯಿತು. ಆದರೆ ಸಾವಿರ ಮಕ್ಕಳು ಅದನ್ನು ಒಟ್ಟಿಗೆ ಹೇಗೆ ಹಾಡಬೇಕು, ಯಾವ ಶ್ರುತಿ ಎಳೆಯ ಕೊರಳಿಗೆ ಒಗ್ಗುತ್ತದೆ, ಎಲ್ಲಿ ಉಸಿರು ತೆಗೆಯಬೇಕು, ಯಾರು ಮುಂದೆ ನಿಂತು ನಡೆಸಬೇಕು ಎಂಬ ಮಾತು ಆ ಗದ್ದಲದಲ್ಲಿ ಕೇಳಿಬಂದಿತೇ? ಧಾಟಿಯ ಒಡೆಯನ ಬಗ್ಗೆ ಇಷ್ಟು ಜಗಳವಾಡಿದ ನಾವು ಹಾಡಿಸುವವನ ಬಗ್ಗೆ ಯೋಚಿಸಲಿಲ್ಲ. ಎಂ.ಬಿ. ಶ್ರೀನಿವಾಸನ್ ಕೇರಳದ ಮಕ್ಕಳ ನಡುವೆ ಮಾಡಿದ್ದು ಸರಿಯಾಗಿ ಈ ಕೆಲಸವನ್ನೇ.

ಆ ವಿವಾದದಲ್ಲಿ ಹೆಸರು ಕೇಳಿದ ಅಶ್ವತ್ಥರೂ ಒಂದೇ ದಾರಿಯವರಲ್ಲ. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ, ಸಂಜೆಗೆ ರಂಗಸಂಗೀತ, ಆಮೇಲೆ ಸುಗಮ ಸಂಗೀತ, ಸಿನಿಮಾ. 2005ರ 'ಕನ್ನಡವೇ ಸತ್ಯ' ಕಾರ್ಯಕ್ರಮದಲ್ಲಿ ಅರಮನೆ ಮೈದಾನ ತುಂಬಿದ ಜನರ ಮುಂದೆ ಹಾಡುಗಾರರ ದಂಡನ್ನೇ ನಿಲ್ಲಿಸಿ ಹಾಡಿಸಿದವರು. ಬಿ.ವಿ. ಕಾರಂತರು ಗುಬ್ಬಿ ಕಂಪನಿಯ ಬಾಲನಟ, ಕಾಶಿಯಲ್ಲಿ ಓಂಕಾರನಾಥ ಠಾಕೂರರ ಶಿಷ್ಯ, ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕ, 'ಚೋಮನ ದುಡಿ'ಯ ನಿರ್ದೇಶಕ, 'ಘಟಶ್ರಾದ್ಧ'ದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು, ಮೈಸೂರಿನ ರಂಗಾಯಣ ಕಟ್ಟಿದವರು. ಇಳಯರಾಜರು ಚಿತ್ರವಾದ್ಯವೃಂದದ ಕೆಲಸದಲ್ಲಿ ಪಳಗಿದ್ದು ನಮ್ಮ ಜಿ.ಕೆ. ವೆಂಕಟೇಶರ ಸಹಾಯಕರಾಗಿ. ಈ ಎಲ್ಲರನ್ನೂ ಕಳೆದು ನೋಡಿದರೆ ಕಳೆದ ಅರವತ್ತು ವರ್ಷಗಳಲ್ಲಿ ಜನಸಾಮಾನ್ಯರ ಬಾಯಿಯಲ್ಲಿ ಉಳಿದ ಕನ್ನಡ ಹಾಡೆಷ್ಟು? ಅಪವಾದವೆಂದು ನಾವು ಬದಿಗಿಟ್ಟವರೇ ಚರಿತ್ರೆಯ ಮುಖ್ಯ ಹರಿವು.

ಹಲವು ದಾರಿ ನಡೆದವರೆಲ್ಲ ದೊಡ್ಡವರೆಂದು ನಾನು ಹೇಳುತ್ತಿಲ್ಲ. ಯಾವುದನ್ನೂ ಕಲಿಯದೆ ಎಲ್ಲದರಲ್ಲೂ ಕೈಯಾಡಿಸುವವರೂ ಇದ್ದಾರೆ, ಅವರನ್ನು ಗುರುತಿಸುವುದು ಕಷ್ಟವೇನಲ್ಲ. ಜೆರ್ರಿ ಸಹಾಯಕರಾಗಿ ನೌಷಾದರ ಕೆಳಗೆ ದುಡಿದರು, ವಿಶ್ವವಿದ್ಯಾಲಯದಲ್ಲಿ ಶಿಸ್ತಾಗಿ ಕೂತು ಓದಿದರು. ಹೋದ ಕಡೆಯಲ್ಲೆಲ್ಲ ವಿದ್ಯಾರ್ಥಿಯಾಗುವ ವಿನಯವಿದ್ದವರಿಗೆ ಮಾತ್ರ ದಾರಿಗಳು ಕೂಡಿಕೊಳ್ಳುತ್ತವೆ. ಅಳೆಯಬೇಕಾದದ್ದು ಆ ಶ್ರಮವನ್ನು, ದಾರಿಗಳ ಸಂಖ್ಯೆಯನ್ನಲ್ಲ.

ಆದ್ದರಿಂದ ಕೇಳಿಕೊಳ್ಳುವುದಿಷ್ಟು. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯವೂ ನಮ್ಮ ಸಂಗೀತ ಕಾಲೇಜುಗಳೂ ವೃಂದ ನಿರ್ದೇಶನ ಮತ್ತು ವಾದ್ಯ ಸಂಯೋಜನೆಗೆ ಗಾಯನ, ವೀಣೆ, ಮೃದಂಗಗಳಿಗೆ ಕೊಡುವಷ್ಟೇ ಗೌರವದ ಸ್ಥಾನ ಕೊಡಲಿ. ಅಲ್ಲಿ ಯಕ್ಷಗಾನದ ಭಾಗವತರೂ ಸ್ಟುಡಿಯೋದ ಅರೇಂಜರ್‌ಗಳೂ ಚರ್ಚಿನ ಕಾಯರ್ ನಡೆಸುವವರೂ ಪೊಲೀಸ್ ಬ್ಯಾಂಡಿನ ಮುಖ್ಯಸ್ಥರೂ ಗುರುಗಳಾಗಿ ಕೂರಲಿ. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಒಂದು ಗಾಯನ ವೃಂದವಾದರೂ ಹುಟ್ಟಲಿ. ಧ್ವನಿಸುರುಳಿಯ ಮೇಲೆ, ಚಿತ್ರದ ಹೆಸರುಪಟ್ಟಿಯಲ್ಲಿ, ಕಾರ್ಯಕ್ರಮದ ಆಹ್ವಾನಪತ್ರಿಕೆಯಲ್ಲಿ ವಾದ್ಯ ಸಂಯೋಜಿಸಿದವರ ಹೆಸರು ಗಾಯಕರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಬರಲಿ. ಪ್ರಶಸ್ತಿ ಸಮಿತಿಗಳು 'ಯಾವ ಕ್ಷೇತ್ರ?' ಎಂಬ ಒಂದು ಖಾನೆಯ ಅರ್ಜಿಯನ್ನು ಇನ್ನಾದರೂ ಬದಲಾಯಿಸಲಿ. ನಿಮ್ಮ ಊರಿನಲ್ಲಿ ನಾಟಕಕ್ಕೂ ಹಬ್ಬಕ್ಕೂ ಶಾಲೆಗೂ ಹಾಡು ಕಟ್ಟಿಕೊಡುವ, ಯಾವ ಸಭೆಯೂ ವಿದ್ವಾಂಸರೆಂದು ಕರೆಯದ ಒಬ್ಬರು ಖಂಡಿತ ಇದ್ದಾರೆ. ಅವರಿಗೆ ಸಲ್ಲಬೇಕಾದ ಗೌರವವನ್ನು ಅವರು ಬದುಕಿರುವಾಗಲೇ ಸಲ್ಲಿಸಿ.